ಬಲಕ್ಕೆ ಎಳೆಯುವ ಜೀಪು

ಜೀಪು ಬಲಕ್ಕೆ ಎಳೆಯುತ್ತಿದೆ ಎಂದು ನಾನು ಮೊದಲ ಸಲ ಹೇಳಿದ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಭಾವ ಮೀನಿನ ಮುಳ್ಳು ಬಿಡಿಸುತ್ತ, ತಲೆ ಎತ್ತದೆಯೇ, "ಜೀಪು ಎಳೀತದಾ, ನೀನು ಎಳೀತ್ಯಾ?" ಎಂದರು. ಅತ್ತೆ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಉರಿಯಿತು. ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ. ಆವತ್ತು ಮಾತ್ರ ಅದನ್ನು ಅನ್ನದ ಜೊತೆ ಕಲಸಿ ನುಂಗಿದೆ.

ಭಾವ ಎಂದರೆ ನನ್ನ ಗಂಡನ ಅಣ್ಣ. ಗಂಡ ದೊಡ್ಡ ಬೋಟಿನಲ್ಲಿ ಕೆಲಸಕ್ಕಿದ್ದಾರೆ, ಕಡಲಿಗೆ ಇಳಿದರೆ ವಾರಗಟ್ಟಲೆ ಮನೆಯ ಕಡೆ ಇಲ್ಲ. ಮನೆಯ ಸಣ್ಣ ದೋಣಿ ಭಾವನದು, ಹಳೆಯ ಡೀಸೆಲ್ ಜೀಪು ಅಣ್ಣತಮ್ಮ ಇಬ್ಬರದ್ದು, ಅದನ್ನು ಓಡಿಸುವವಳು ನಾನು. ಅಪ್ಸರಕೊಂಡದ ಹತ್ತಿರದ ನಮ್ಮ ಕೇರಿಯಿಂದ ಬೆಳಗಾಗುವ ಮೊದಲೇ ಭಟ್ಕಳದ ಬಂದರಿಗೆ ಹೋಗಿ ಮೀನು ತುಂಬಿಸಿಕೊಳ್ಳುತ್ತೇನೆ. ವಾಪಸು ಬಂದು ಶರಾವತಿ ಸೇತುವೆ ದಾಟಿ ಹೊನ್ನಾವರದಲ್ಲಿ ಒಂದಷ್ಟು ಇಳಿಸಿ, ಕುಮಟೆಯಲ್ಲಿ ಒಂದಷ್ಟು ಇಳಿಸಿ, ಉಳಿದದ್ದನ್ನು ಯಾಣದ ದಾರಿಯ ಮೇಲಿನ ಊರುಗಳಿಗೆ ಒಯ್ಯುತ್ತೇನೆ. ಅಲ್ಲಿನ ಕೆಸರಿನ ಏರಿಗೆ ಟೆಂಪೋಗಳು ಮೊದಲ ತಿರುವಿನಲ್ಲೇ ಕೈ ಮುಗಿಯುತ್ತವೆ. ನನ್ನ ಜೀಪಿಗೆ ನಾಲ್ಕೂ ಚಕ್ರಕ್ಕೆ ಗೇರು ಬೀಳುತ್ತದೆ, ಅದು ಗುರ್ ಎನ್ನುತ್ತ ಹತ್ತಿಬಿಡುತ್ತದೆ. ಬೇಸಿಗೆಯ ಕೊನೆಗೆ ನಮ್ಮ ದೋಣಿಯನ್ನು ಮರಳಿನ ಮೇಲೆ ಎಳೆದು ತರುವುದಕ್ಕೂ ಇದೇ ಜೀಪು.

ಇದಕ್ಕೆ ಮುಂಚೆ ನಾನು ಬಸ್ಸಿನಲ್ಲಿ ಬುಟ್ಟಿ ಹೊತ್ತು ತಿರುಗಿದವಳು. ಬುಟ್ಟಿ ಕಂಡ ಕೂಡಲೇ ಕಂಡಕ್ಟರನ ಮುಖ ಹುಳ್ಳಗಾಗುತ್ತಿತ್ತು. ನೀರು ಸೋರುತ್ತದೆ, ನಾರುತ್ತದೆ, ಮುಂದಿನ ಬಸ್ಸಿಗೆ ಬಾ ಎನ್ನುತ್ತಿದ್ದ. ಮುಂದಿನ ಬಸ್ಸಿನವನೂ ಅದನ್ನೇ ಹೇಳುತ್ತಿದ್ದ. ಗಂಡ ಒಂದು ಮಳೆಗಾಲ ರಜೆಯಲ್ಲಿದ್ದಾಗ ಖಾಲಿ ಮರಳಿನ ಮೇಲೆ ನನಗೆ ಜೀಪು ಕಲಿಸಿದರು. ಲೈಸೆನ್ಸು ಕೈಗೆ ಬಂದ ದಿನ ಕಂಡಕ್ಟರುಗಳೆಲ್ಲ ನನ್ನ ಕಣ್ಣ ಮುಂದೆ ಸಾಲಾಗಿ ಬಂದು ಹೋದರು. ಇನ್ನು ಯಾರ ಮುಂದೆಯೂ ಬುಟ್ಟಿ ಹಿಡಿದು ಹಲ್ಲು ಗಿಂಜುವುದಿಲ್ಲ ಎಂದುಕೊಂಡಿದ್ದೆ. ಆ ಮಾತನ್ನು ನಾನು ಈಗಲೂ ಬಿಟ್ಟುಕೊಡುವುದಿಲ್ಲ.

ಕಳೆದ ಮಳೆಗಾಲ ಇಳಿಯುತ್ತಿದ್ದಂತೆ ಬಂದರಿನ ಕೆಲಸ ಮತ್ತೆ ಶುರುವಾಯಿತು, ಹೆದ್ದಾರಿಯ ಓಡಾಟವೂ ಶುರುವಾಯಿತು. ಆಗಲೇ ಗೊತ್ತಾದದ್ದು, ಸ್ಟೇರಿಂಗನ್ನು ಒಂದಿಷ್ಟು ಎಡಕ್ಕೆ ತಿರುಗಿಸಿ ಹಿಡಿದರೆ ಮಾತ್ರ ಜೀಪು ನೇರ ಹೋಗುತ್ತಿತ್ತು. ಕೈ ಸಡಿಲ ಬಿಟ್ಟರೆ ನಿಧಾನಕ್ಕೆ ಬಲಕ್ಕೆ ಹೊರಳುತ್ತಿತ್ತು. ಮಳೆಯಲ್ಲಿ ಬರೀ ಊರೊಳಗಿನ ನಿಧಾನದ ಓಡಾಟ, ಹಾಗಾಗಿ ತಿಳಿದಿರಲಿಲ್ಲ. ಊಟದ ಹೊತ್ತಿನಲ್ಲಿ ನಾನು ಹೇಳಿದ್ದು ಇದನ್ನೇ.

ಅದಾಗಿ ಕೆಲವು ದಿನಕ್ಕೆ ಸೇತುವೆಯ ಮೇಲೆ ಆದದ್ದನ್ನು ನಾನು ಮರೆಯಲಾರೆ. ಭಾವನಿಗೆ ಹೊನ್ನಾವರದಲ್ಲಿ ಬಲೆಯ ಸಾಮಾನು ಬೇಕಿತ್ತು, ಪಕ್ಕದ ಸೀಟಿನಲ್ಲಿ ಕೂತಿದ್ದರು. ಹಿಂದೆ ಮೀನು, ಐಸು. ಸೇತುವೆಯ ನಡುವೆ ಎರಡು ಹಾಸುಗಳು ಸೇರುವ ಕಡೆ ಒಂದು ಕಬ್ಬಿಣದ ಪಟ್ಟಿ ಇದೆ. ಚಕ್ರ ಅದರ ಮೇಲೆ ದಡ್ ಎಂದು ಹಾದದ್ದೇ ತಡ, ಸ್ಟೇರಿಂಗ್ ನನ್ನ ಕೈಯಲ್ಲಿ ಗಡಗಡ ಹೊಡೆದುಕೊಳ್ಳತೊಡಗಿತು. ಮುಂದಿನ ಚಕ್ರಗಳೆರಡೂ ಹುಚ್ಚು ಹಿಡಿದಂತೆ ಎಡಕ್ಕೂ ಬಲಕ್ಕೂ ಬಡಿದುಕೊಂಡವು, ಇಡೀ ಜೀಪು ನಡುಗಿತು. ಎಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ಪೂರ್ತಿ ಇಳಿಯುವ ತನಕ ಸ್ಟೇರಿಂಗನ್ನು ಬಿಡದೆ ಹಿಡಿದುಕೊಂಡೆ. ಬದಿಗೆ ನಿಲ್ಲಿಸಿದಾಗ ಕೈಗಳು ಮೊಣಕೈ ತನಕ ಜುಮುಗುಡುತ್ತಿದ್ದವು. ಭಾವ ಡ್ಯಾಶಿನ ಹಿಡಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದರು.

"ಆತು. ಇನ್ನು ಸಾಕು" ಎಂದರು. "ಹೆಂಗಸ್ರ ಕೈಗೆ ಈ ರೋಡು ಆಗೂದಿಲ್ಲ. ಚೌತಿ ಕಳೀಲಿ, ಒಬ್ಬ ಡ್ರೈವರನ್ನ ಇಡ್ವಾ. ನೀನು ಹಿಂದೆ ಕೂತ್ಕಂಡು ವ್ಯಾಪಾರ ಮಾಡು."

"ಕೈ ಸರಿಯಿಲ್ದೆ ಹೋಗಿದ್ರೆ ನಾವೀಗ ಹೊಳೇಲಿ ಇರ್ತಿದ್ವು, ಭಾವ" ಎಂದೆ.

ಅವರು ಇಳಿದು ನಡೆದೇ ಹೋದರು.

ಮಾರನೆಯ ವಾರ ಆ ಡ್ರೈವರನೂ ಬಂದ. ಗಾಡಿ ನೋಡುತ್ತೇನೆಂದು ನನ್ನ ಸೀಟಿಗೆ ಹತ್ತಿದ. ನನ್ನ ಕಾಲಿಗೆ ಬ್ರೇಕು ಪೂರ್ತಿ ಸಿಗುವುದಿಲ್ಲ, ಅದಕ್ಕೆ ಬೆನ್ನಿಗೆ ಒಂದು ಹತ್ತಿಯ ದಿಂಬು ಇಟ್ಟುಕೊಂಡಿದ್ದೇನೆ. ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಂದೆ ಮೀನಿನ ಬುಟ್ಟಿಗಳ ನಡುವೆ ಎಸೆದ. ಅಂಗಳದ ತುದಿಯ ತನಕ ಓಡಿಸಿ, ಇಳಿದು, "ಗಾಡಿ ಚಲೋ ಅದೆ" ಎಂದ. ಅಂಗಳದಲ್ಲಿ ಯಾವ ಗಾಡಿ ಚಲೋ ಇರುವುದಿಲ್ಲ? ದಿಂಬಿನಿಂದ ಮೀನಿನ ನೀರು ಹಿಂಡುತ್ತ ನಾನು ತೀರ್ಮಾನ ಮಾಡಿಬಿಟ್ಟೆ. ತಪ್ಪು ಕೈಯದೋ ಚಕ್ರದ್ದೋ ಎಂದು ಚೌತಿಯ ಒಳಗೆ ತೋರಿಸಿಯೇ ಸೈ.

ಮೊದಲು ಹೋದದ್ದು ಕುಮಟೆಗೆ. ಅಲ್ಲಿ ಕಂಪ್ಯೂಟರಿನಲ್ಲಿ ಚಕ್ರ ಸರಿಪಡಿಸುವ ಅಂಗಡಿಯೊಂದಿದೆ. ಜೀಪನ್ನು ಎತ್ತರದ ಕಟ್ಟೆಗೆ ಹತ್ತಿಸಿ, ಮುಂದಿನ ಎರಡು ಚಕ್ರಕ್ಕೆ ಕ್ಯಾಮೆರಾದ ಹಿಡಿ ಸಿಕ್ಕಿಸಿದರು. ಪರದೆಯ ಮೇಲೆ ಕೆಂಪು ಅಂಕಿ, ಹಸಿರು ಅಂಕಿ. ಅಂಗಡಿಯವನು ಒಳ್ಳೆಯ ಮನುಷ್ಯ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ.

"ನೋಡಿ ಅಕ್ಕಾ, ಕಾರಿಗೆ ಒಂದೊಂದು ಚಕ್ರಾನೂ ಬೇರೆ ಬೇರೆ ತಿರುಗ್ಸೂಕೆ ಬರ್ತದೆ. ನಿಮ್ಮ ಜೀಪಿಗೆ ಈ ಬದಿಯಿಂದ ಆ ಬದಿಗೆ ಒಂದೇ ಗಟ್ಟಿ ಆಕ್ಸಲ್ಲು. ಚಕ್ರ ಎಷ್ಟು ಓರೆ, ಎಷ್ಟು ವಾಲಬೇಕು, ಎಲ್ಲ ಅದ್ರಲ್ಲೇ ಕೂತು ಹೋಗದೆ. ನಂಗೆ ತಿರುಗ್ಸೂಕೆ ಇರೂದು ಈ ಒಂದು ರಾಡು ಮಾತ್ರ."

ಆ ರಾಡು ಎರಡು ಚಕ್ರಗಳನ್ನು ಜೋಡಿಸುವಂಥದ್ದು. ಅದನ್ನು ತಿರುಗಿಸಿದರೆ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ಸರಿಯುತ್ತದೆ. ಅವನು ಅದನ್ನು ಸರಿಮಾಡಿದ, ಅಂಕಿ ಹಸಿರಾಯಿತು, ಸ್ಟೇರಿಂಗನ್ನೂ ನಡುವಿಗೆ ತಂದುಕೊಟ್ಟ. ಖುಷಿಯಲ್ಲಿ ಹೊರಟೆ. ಕುಮಟೆ ದಾಟುವುದರೊಳಗೆ ಖುಷಿ ಇಳಿಯಿತು. ಸ್ಟೇರಿಂಗ್ ಈಗ ನೆಟ್ಟಗೆ ಕಾಣುತ್ತಿತ್ತು, ಆದರೆ ಕೈ ಬಿಟ್ಟರೆ ಜೀಪು ಮತ್ತೆ ಬಲಕ್ಕೇ.

ಎರಡನೆಯ ಸಲ ಭಟ್ಕಳದಲ್ಲಿ ನಮ್ಮ ಗಾಡಿ ನೋಡುವ ಮಿಸ್ತ್ರಿಯ ಹತ್ತಿರ ಹೋದೆ. ವಯಸ್ಸಾದವರು, ನಮ್ಮ ಮಾವನ ಕಾಲದಿಂದ ಪರಿಚಯ. ಅವರು ಚಕ್ರ ಎತ್ತಿ ಅಲ್ಲಾಡಿಸಿ, ಆ ರಾಡಿನ ಎರಡೂ ತುದಿಯ ಗುಂಡುಗಳು ಸವೆದಿವೆ ಎಂದು ಹೊಸದು ಹಾಕಿದರು. "ಈಗ ನಡುಗೂದಿಲ್ಲ, ತಂಗಿ" ಎಂದರು. ನಿಜಕ್ಕೂ ನಡುಕ ಬಹಳ ಕಡಿಮೆಯಾಯಿತು. ಎಳೆತ ಹಾಗೇ ಇತ್ತು. ವಾಪಸು ಹೋಗಿ ಹೇಳಿದರೆ, "ಹಳೇ ಜೀಪು, ಒಂಚೂರು ಎಳೀಲಿ ಬಿಡು. ರೋಡೂ ಇಳಿಜಾರು ಇರ್ತದಲ್ಲ" ಎಂದರು.

ರೋಡಿನ ಇಳಿಜಾರು ಎಡಕ್ಕೆ ಇರುತ್ತದೆ, ನೀರು ಹೋಗಲಿ ಎಂದು. ಹಾಗಿದ್ದರೆ ಜೀಪು ಎಡಕ್ಕೆ ಜಾರಬೇಕಿತ್ತು. ನನ್ನದು ಏರಿನ ಕಡೆಗೆ ಹೋಗುತ್ತಿತ್ತು. ಇದನ್ನು ಮಿಸ್ತ್ರಿಗೆ ಹೇಳಿದೆ. ಅವರು ಗಡ್ಡ ಕೆರೆದುಕೊಂಡರು. "ಟಯರು ಅದಲುಬದಲು ಮಾಡಿ ನೋಡು" ಎಂದರು. ಮನೆಯ ಅಂಗಳದಲ್ಲಿ ನಾನೇ ಜಾಕು ಹಾಕಿ ಎಡದ ಟಯರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದೆ. ಬೋಲ್ಟು ಬಿಗಿಯಲು ಸ್ಪ್ಯಾನರಿನ ಹಿಡಿಯ ಮೇಲೆ ಹತ್ತಿ ನಿಂತಾಗ ಅತ್ತೆ ಜಗಲಿಯಿಂದ, "ಎಂತಕ್ಕೆ ಈ ಹಟ? ಡ್ರೈವರ್ ಬರ್ತಾ ಅಲ್ದಾ? ಆರಾಮಾಗಿ ಕೂತ್ಕ" ಎಂದರು.

"ಆರಾಮು ನಂಗೆ ಬ್ಯಾಡ ಅತ್ತೆ, ಜೀಪು ಬೇಕು" ಎಂದೆ.

ಟಯರು ಬದಲಿಸಿದರೂ ಎಳೆತ ಬಲಕ್ಕೇ ಉಳಿಯಿತು. ಹಾಗಾದರೆ ತಪ್ಪು ಟಯರಿನದ್ದಲ್ಲ, ರೋಡಿನದ್ದಲ್ಲ, ರಾಡಿನದ್ದಲ್ಲ. ಚೌತಿ ಹತ್ತಿರ ಬಂದಿತ್ತು. ಕೇರಿಯಲ್ಲಿ ಸೇತುವೆಯ ಕತೆ ಆಗಲೇ ಬಾಯಿಂದ ಬಾಯಿಗೆ ಹೋಗಿ ದಪ್ಪಗಾಗಿತ್ತು. ನಾನು ಕಣ್ಣು ಮುಚ್ಚಿದ್ದೆನಂತೆ, ಕಿರುಚಿದೆನಂತೆ. ನಾಲ್ಕು ಜನ ಸೇರಿದ ಕಡೆ ನಿಂತು ಜಗಳ ಆಡಬೇಕೆನಿಸುತ್ತಿತ್ತು. ಅಳುವೂ ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಎಲ್ಲಕ್ಕಿಂತ ಹೆಚ್ಚಾಗಿ, ಒಂದೊಂದು ಸಲ ನನಗೇ ನನ್ನ ಕೈಯ ಮೇಲೆ ಅನುಮಾನ ಬರತೊಡಗಿತ್ತು. ಅದು ಬೇರೆಯವರ ಮಾತಿಗಿಂತ ಕೆಟ್ಟದ್ದು.

ಒಂದು ಭಾನುವಾರ ಮಧ್ಯಾಹ್ನ ಜೀಪಿನ ಎದುರು ಸುಮ್ಮನೆ ಕುಕ್ಕರುಗಾಲಿನಲ್ಲಿ ಕೂತಿದ್ದೆ. ಕುಮಟೆಯ ಅಂಗಡಿಯವನ ಮಾತು ನೆನಪಾಯಿತು, ಒಂದೇ ಗಟ್ಟಿ ಆಕ್ಸಲ್ಲು ಎಂದದ್ದು. ಹೆಗಲ ಮೇಲಿನ ಕಾವಡಿಯ ಹಾಗೆ, ಎರಡು ತುದಿಗೂ ಒಂದೇ ಕೋಲು. ಕಾವಡಿಯ ಒಂದು ತುದಿ ಮುಂದಕ್ಕೆ ಸರಿದರೆ ಇನ್ನೊಂದು ನೆಟ್ಟಗೆ ಉಳಿಯುತ್ತದೆಯೇ? ಕ್ಯಾಮೆರಾ ನೋಡಿದ್ದು ಮುಂದಿನ ಎರಡು ಚಕ್ರ ಒಂದಕ್ಕೊಂದು ಸರಿಯಾಗಿವೆಯೇ ಎಂದು. ಆ ಎರಡೂ ಸೇರಿ ಇಡಿಯಾಗಿ ಸೊಟ್ಟ ತಿರುಗಿದ್ದರೆ? ಹಿಂದಿನ ಚಕ್ರಕ್ಕೂ ಮುಂದಿನ ಚಕ್ರಕ್ಕೂ ನಡುವೆ ಯಾರೂ ಅಳೆದಿರಲಿಲ್ಲ.

ನನ್ನ ಅಪ್ಪ ದೋಣಿ ಕಟ್ಟುತ್ತಿದ್ದವರು. ಹಲಗೆ ಕೂರಿಸುವಾಗ ದೋಣಿಯ ಮೂತಿಗೆ ದಾರ ಕಟ್ಟಿ, ಅದೇ ದಾರವನ್ನು ಈ ಬದಿಗೊಮ್ಮೆ ಆ ಬದಿಗೊಮ್ಮೆ ಹಿಡಿದು ನೋಡುತ್ತಿದ್ದರು. ದಾರದ ಇನ್ನೊಂದು ತುದಿ ಹಿಡಿಯುವುದು ನನ್ನ ಕೆಲಸ. ಎರಡು ಕಡೆ ಒಂದೇ ಬರಲಿಲ್ಲವೆಂದರೆ, ಕಟ್ಟಿದ್ದನ್ನು ಬಿಚ್ಚುತ್ತಿದ್ದರು. ಬೈಯುತ್ತಲೇ ಬಿಚ್ಚುತ್ತಿದ್ದರು, ನನ್ನ ಬಾಯಿಯೂ ಅವರದ್ದೇ ಬಳುವಳಿ.

ಒಳಗಿನಿಂದ ಬಲೆ ಹೆಣೆಯುವ ದಾರ ತಂದೆ. ಸ್ಟೇರಿಂಗನ್ನು ನೆಟ್ಟಗೆ ಕಟ್ಟಿ ನಿಲ್ಲಿಸಿ, ಅತ್ತೆಯನ್ನು ಕರೆದು ಬಲಗಡೆಯ ಹಿಂದಿನ ಚಕ್ರದ ಸರೀ ನಡುವಿಗೆ ದಾರದ ತುದಿ ಒತ್ತಿ ಹಿಡಿಯಲು ಹೇಳಿದೆ. ಗೊಣಗುತ್ತಲೇ ಹಿಡಿದರು. ಮುಂದಿನ ಚಕ್ರದ ನಡುವಿಗೆ ಎಳೆದು ಗಂಟು ಹಾಕಿದೆ. ಅದೇ ದಾರವನ್ನು ಎಡಗಡೆಗೆ ಒಯ್ದೆವು. ಅತ್ತೆ ಹಿಂದೆ ಹಿಡಿದರು, ನಾನು ಮುಂದೆ ಎಳೆದೆ. ಗಂಟು ಚಕ್ರದ ನಡುವಿಗೆ ಮುಟ್ಟಲಿಲ್ಲ. ಹೆಬ್ಬೆರಳಿನ ಅಗಲ ಕಡಿಮೆ ಬಿತ್ತು.

"ಸರೀ ಹಿಡಿರಿ ಅತ್ತೆ."

"ಸರೀನೇ ಹಿಡದೆ. ನೀನೇ ಬಂದು ನೋಡು."

ಇನ್ನೊಮ್ಮೆ ಅಳೆದೆವು, ಜಾಗ ಬದಲಿಸಿಯೂ ಅಳೆದೆವು. ಅದೇ ಹೆಬ್ಬೆರಳು. ಎಡಗಡೆಯ ಚಕ್ರ ಮುಂದಕ್ಕೆ ಹೋಗಿ ಕೂತಿತ್ತು. ಅಂದರೆ ಇಡೀ ಆಕ್ಸಲ್ಲು ಬಲಕ್ಕೆ ಮುಖ ತಿರುಗಿಸಿತ್ತು. ಜೀಪು ತಾನು ನೋಡುತ್ತಿದ್ದ ಕಡೆಗೇ ಹೋಗುತ್ತಿತ್ತು, ಅಷ್ಟೇ. ನಾನು ಅಂಗಳದಲ್ಲೇ ಜೋರಾಗಿ ಕೂಗಿಬಿಟ್ಟೆ. ಅತ್ತೆಗೆ ಏನೂ ಅರ್ಥವಾಗಲಿಲ್ಲ, ಆದರೂ ದಾರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಗುತ್ತ ನಿಂತರು.

ಮಾರನೆಯ ದಿನ ಬಂದರಿನ ಕೆಲಸ ಮುಗಿಸಿ ಮಿಸ್ತ್ರಿಯ ಗ್ಯಾರೇಜಿಗೆ ಹೋಗಿ ದಾರ ಹಿಡಿದು ತೋರಿಸಿದೆ. ಅವರು ತಾವೇ ಟೇಪಿನಲ್ಲಿ ಅಳೆದರು. ಜೀಪಿನ ಅಡಿಗೆ ಹೋದರು. ಸ್ವಲ್ಪ ಹೊತ್ತಿಗೆ ಅಡಿಯಿಂದಲೇ, "ತಂಗಿ, ಬಗ್ಗಿ ನೋಡು" ಎಂದು ಕರೆದರು.

ಜೀಪಿನ ಆಕ್ಸಲ್ಲಿನ ಮೇಲೆ ಎರಡೂ ಬದಿಗೆ ಸ್ಪ್ರಿಂಗಿನ ಪಟ್ಟಿಗಳ ಕಟ್ಟು ಕೂತಿರುತ್ತದೆ. ಆ ಕಟ್ಟಿನ ನಡುವೆ ಮೇಲಿಂದ ಕೆಳಕ್ಕೆ ಒಂದು ಬೋಲ್ಟು ಇರುತ್ತದೆ. ಅದರ ತಲೆ ಆಕ್ಸಲ್ಲಿನ ಮೇಲಿನ ಗುಳಿಯಲ್ಲಿ ಕೂತರೆ ಆಕ್ಸಲ್ಲು ತನ್ನ ಜಾಗ ಬಿಡುವುದಿಲ್ಲ. ನಮ್ಮ ಎಡಬದಿಯ ಬೋಲ್ಟು ಕತ್ತರಿಸಿ ಹೋಗಿತ್ತು. ಕಟ್ಟನ್ನು ಸುತ್ತಿ ಹಿಡಿದ ಕ್ಲಾಂಪುಗಳೂ ಸಡಿಲಾಗಿದ್ದವು. ಸೇತುವೆಯ ಪಟ್ಟಿ ಬಡಿದಾಗ ಆಕ್ಸಲ್ಲು ಅಲ್ಲಿಂದಲೇ ಅಲುಗಾಡಿದ್ದು.

"ಇದು ತನ್ನಷ್ಟಕ್ಕೆ ಮುರಿಯೂದಲ್ಲ. ಇದನ್ನ ಯಾರೋ ಮುಂದಕ್ಕೆ ಎಳದಾರೆ. ಎಂತ ಮಾಡಿದ್ರಿ?" ಎಂದರು ಮಿಸ್ತ್ರಿ.

ನಾನು ಉತ್ತರ ಕೊಡುವ ಮೊದಲೇ ಕಣ್ಣಿಗೆ ಬಿತ್ತು. ಎಡದ ಸ್ಪ್ರಿಂಗಿನ ಪಕ್ಕ ಆಕ್ಸಲ್ಲಿನ ಬಣ್ಣ ಉಜ್ಜಿ ಹೋಗಿತ್ತು. ಅದರ ಹಿಂದಿನ ಸಂದಿಯಲ್ಲಿ ಹಸಿರು ನೈಲಾನಿನ ಎಳೆಗಳು ಸಿಕ್ಕಿಕೊಂಡಿದ್ದವು. ಅದು ನಮ್ಮ ದೋಣಿಯ ಹಗ್ಗ.

ನಮ್ಮ ಕೇರಿಯಲ್ಲಿ ಮಳೆಗಾಲಕ್ಕೆ ದೋಣಿಯನ್ನು ಮೇಲೆ ತರುವಾಗ ಅದಕ್ಕೆ ಬೆನ್ನು ಹಾಕುವುದಿಲ್ಲ. ವರ್ಷವಿಡೀ ಅನ್ನ ಕೊಟ್ಟದ್ದನ್ನು ಮುಖ ನೋಡಿ ಮನೆಗೆ ಕರೆದುಕೊಂಡು ಬರಬೇಕು ಎನ್ನುತ್ತಾರೆ. ಕೈಯಿಂದ ಎಳೆಯುತ್ತಿದ್ದ ಕಾಲದಲ್ಲಿ ಗಂಡಸರು ಹಗ್ಗ ಹಿಡಿದು ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಬರುತ್ತಿದ್ದರು. ಜೀಪು ಬಂದ ಮೇಲೆ ಜೀಪೂ ಹಾಗೆಯೇ ಮಾಡಬೇಕಾಯಿತು. ಜೀಪಿನ ಮೂತಿಯನ್ನು ಕಡಲಿಗೆ ಮಾಡಿ, ರಿವರ್ಸ್ ಗೇರಿನಲ್ಲಿ ಎಳೆಯಬೇಕು. ಬೇರೆ ಊರಿನವರಾದರೆ ಜೀಪನ್ನು ತಿರುಗಿಸಿ ಹಿಂದಿನ ಕೊಕ್ಕೆಗೆ ಹಗ್ಗ ಹಾಕಿ ಹೋಗುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ನಮ್ಮ ಮುಂದಿನ ಬಂಪರನ್ನು ಉಪ್ಪುಗಾಳಿ ತಿಂದು ಹಾಕಿದೆ, ಕಟ್ಟಿದರೆ ಕಿತ್ತು ಬರುತ್ತದೆ. ಕಳೆದ ಸಲ ಭಾವ ಮರಳಿನಲ್ಲಿ ಮಂಡಿಯೂರಿ ಕೈಗೆ ಸಿಕ್ಕ ಗಟ್ಟಿ ಜಾಗಕ್ಕೆ, ಆಕ್ಸಲ್ಲಿನ ಎಡಬದಿಗೆ, ಹಗ್ಗ ಬಿಗಿದು, "ಹೂಂ, ಎಳಿ" ಎಂದರು. ದೋಣಿ ಒದ್ದೆ ಮರಳಿನಲ್ಲಿ ಹೂತುಕೊಂಡಿತ್ತು. ಟಕ್ ಎಂಬ ಸದ್ದು ನಾನು ಕೇಳಿದ್ದೆ. ಹಗ್ಗದ ಗಂಟು ಬಿಗಿದುಕೊಂಡದ್ದು ಎಂದು ಅಲ್ಲಿದ್ದವರೆಲ್ಲ ಅಂದುಕೊಂಡೆವು.

ಮಿಸ್ತ್ರಿ ನಕ್ಕುನಕ್ಕು ಕೆಮ್ಮಿದರು. ಆಮೇಲೆ ಮನಸ್ಸಿಟ್ಟು ಕೆಲಸ ಮಾಡಿದರು. ಕ್ಲಾಂಪು ಬಿಚ್ಚಿ, ಜಾಕು ಮತ್ತು ಚೈನಿನಿಂದ ಆಕ್ಸಲ್ಲನ್ನು ಕೂದಲೆಳೆ ಕೂದಲೆಳೆಯಾಗಿ ಹಿಂದಕ್ಕೆ ತಂದರು. ಹೊಸ ಬೋಲ್ಟಿನ ತಲೆ ಗುಳಿಗೆ ಕೂತಾಗ ಆದ ಸದ್ದು ನನಗೆ ತುಂಬ ಸಮಾಧಾನ ಕೊಟ್ಟಿತು. ಹೊಸ ಕ್ಲಾಂಪು ಹಾಕಿ ಬಿಗಿದು, ನನ್ನ ದಾರದಲ್ಲೇ ಎರಡೂ ಕಡೆ ಅಳೆದೆವು. ಗಂಟು ಎರಡೂ ಕಡೆ ನಡುವಿಗೇ ಬಂತು. ನಾನು ಕೇಳಿದ್ದಕ್ಕೆ ಮುಂದೆ ಚಾಸಿಸ್ಸಿಗೇ ಸೇರಿಸಿ ನಟ್ಟನಡುವೆ ಒಂದು ದಪ್ಪ ಕೊಕ್ಕೆಯನ್ನೂ ಬೆಸುಗೆ ಹಾಕಿಕೊಟ್ಟರು. ದೋಣಿಗೆ ಬೆನ್ನು ಹಾಕುವುದು ನನಗೂ ಬೇಡ. ಕುಮಟೆಯ ಅಂಗಡಿಗೆ ಮತ್ತೆ ಹೋಗಿ ರಾಡನ್ನೂ ಸ್ಟೇರಿಂಗನ್ನೂ ಕೊನೆಯದಾಗಿ ಹೊಂದಿಸಿಕೊಂಡೆ. ಅವನು ಈ ಸಲ ಹಿಂದಿನ ಚಕ್ರಕ್ಕೂ ಕ್ಯಾಮೆರಾ ಹಾಕಿದ, ನಾನು ಹೇಳದೆ.

ಮನೆಗೆ ಬಂದಾಗ ಭಾವ ಜಗಲಿಯಲ್ಲಿ ಬಲೆ ಹರಡಿಕೊಂಡು ಕೂತಿದ್ದರು. ದಾರಿಯುದ್ದಕ್ಕೂ ನಾನು ಮಾತು ಜೋಡಿಸಿಕೊಂಡು ಬಂದಿದ್ದೆ, ಒಂದಕ್ಕಿಂತ ಒಂದು ಖಾರದ್ದು. ಅವರ ಮುಂದೆ ನಿಂತಾಗ ಅದ್ಯಾವುದೂ ಬೇಡವೆನಿಸಿತು. ಮುರಿದ ಬೋಲ್ಟನ್ನೂ ಹಸಿರು ಎಳೆಗಳನ್ನೂ ಬಲೆಯ ಮೇಲೆ ಇಟ್ಟೆ. "ಆಕ್ಸಲ್ಲಿನ ಎಡಬದೀಲಿ ಸಿಕ್ತು ಭಾವ. ದೋಣಿ ಎಳದಾಗ ಮುರದದ್ದು" ಎಂದೆ.

ಅವರು ಬೋಲ್ಟನ್ನು ಎತ್ತಿ ಮುರಿದ ಜಾಗವನ್ನು ಹೆಬ್ಬೆರಳಿನಲ್ಲಿ ಸವರಿದರು. ಎಳೆಗಳನ್ನು ಬೆಳಕಿಗೆ ಹಿಡಿದರು. ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ. ಹೊರಗೆ ಅವರು ಫೋನಿನಲ್ಲಿ ಯಾರಿಗೋ, "ಬ್ಯಾಡ, ಬರೂದು ಬ್ಯಾಡ. ನಮ್ಮಲ್ಲೇ ಅದಾರೆ" ಎನ್ನುವುದು ಕೇಳಿಸಿತು. ಒಲೆಯ ಮುಂದೆ ನಿಂತು ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ಹೊಗೆಯ ನೆಪ ಹೇಳೋಣವೆಂದರೆ ಅಲ್ಲಿದ್ದದ್ದು ಗ್ಯಾಸಿನ ಒಲೆ.

ಮಾರನೆಯ ದಿನ ಭಟ್ಕಳದಿಂದ ಮೀನು ತುಂಬಿಸಿಕೊಂಡು ಮನೆಯ ಹತ್ತಿರ ನಿಲ್ಲಿಸಿದಾಗ ಭಾವ ತಲೆ ಬಾಚಿ ತಯಾರಾಗಿ ನಿಂತಿದ್ದರು. "ಕುಮಟೇಲಿ ನಂಗೂ ಒಂಚೂರು ಕೆಲ್ಸ ಅದೆ" ಎಂದು ಹತ್ತಿ ಕೂತರು. ಏನು ಕೆಲಸ ಎಂದು ನಾನು ಕೇಳಲಿಲ್ಲ. ಹೆದ್ದಾರಿ ಸೇರಿದಾಗ ಅವರ ಕೈ ಡ್ಯಾಶಿನ ಹಿಡಿಯ ಮೇಲಿತ್ತು. ಸ್ವಲ್ಪ ದೂರಕ್ಕೆ ಒಂದು ಕೈ ಕೆಳಗಿಳಿಯಿತು, ಆಮೇಲೆ ಇನ್ನೊಂದು. ಬೆಳಗಿನ ಜಾವ ಕಡಲಿಗೆ ಹೋಗಿ ಬಂದ ಮನುಷ್ಯ, ಗಾಳಿಗೆ ಕಣ್ಣು ಮುಚ್ಚಿಕೊಳ್ಳತೊಡಗಿತು.

ಸೇತುವೆ ಬಂತು. ಎದುರಿಗೆ ಆ ಕಬ್ಬಿಣದ ಪಟ್ಟಿ ಕಾಣಿಸಿತು. ನನ್ನ ಕಾಲು ತಾನಾಗಿ ಬ್ರೇಕಿನ ಕಡೆ ಹೊರಟಿತು, ನಾನು ಅದನ್ನು ತಡೆದೆ. ಅಂದಿನ ವೇಗದಲ್ಲೇ ಹಾಯಿಸಿದೆ. ದಡ್ ಎಂದಿತು. ಸ್ಟೇರಿಂಗ್ ಅಲುಗಲಿಲ್ಲ. ಜೀಪು ನೆಟ್ಟಗೆ, ತನ್ನ ಪಾಡಿಗೆ ಹೋಯಿತು.

ಪಕ್ಕಕ್ಕೆ ತಿರುಗಿ ನೋಡಿದೆ. ಭಾವ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು.